ರೇಸ್ ಫ್ಯಾನ್‌ಗೆ ಟ್ರ್ಯಾಕೇ ಮುಖ್ಯ, ಆದ್ರೆ ಆಯ್ಕೆ ಮಾಡೋದು ದುಡ್ಡು!

ಜಾತ್ರೆ ಮೈದಾನ ಬದಲಾದ್ರೆ ಏನಾಗುತ್ತೆ ಅಂತ ಅಂಗಡಿಯವರಿಗೆ ಬಿಡಿಸಿ ಹೇಳಬೇಕಿಲ್ಲ. ದೇವರು ಅದೇ, ತೇರು ಅದೇ. ಆದ್ರೆ ಜನ ಬರೋ ದಾರಿ ಬದಲಾದ್ರೆ ವ್ಯಾಪಾರವೂ ಬದಲಾಗುತ್ತೆ. ಫಾರ್ಮುಲಾ ಒನ್ ಕಾರ್ ರೇಸ್‌ನಲ್ಲಿ ಈಗ ಇದೇ ಲೆಕ್ಕಾಚಾರ ನಡೀತಿದೆ.

2026ರ ವೇಳಾಪಟ್ಟಿಯಿಂದ ಇಟಲಿಯ ಇಮೋಲಾ ಹೊರಬಿದ್ದಿದೆ. ಸ್ಪೇನ್‌ನ ಮ್ಯಾಡ್ರಿಡ್ ಹೊಸದಾಗಿ ಸೇರಿದೆ. ನೆದರ್ಲೆಂಡ್ಸ್‌ನ ಜಾಂಡ್‌ವೋರ್ಟ್‌ಗೆ ಇದೇ ಕೊನೆ ವರ್ಷ. ಬೆಲ್ಜಿಯಂನ ಸ್ಪಾ ಟ್ರ್ಯಾಕ್‌ಗೆ 2031ರವರೆಗೆ ಒಪ್ಪಂದ ಆಗಿದ್ರೂ 2028 ಮತ್ತು 2030ರಲ್ಲಿ ಅಲ್ಲಿ ರೇಸ್ ಇಲ್ಲ. ಮೊಬೈಲ್‌ನಲ್ಲಿ ರೇಸ್ ನೋಡೋ ನಮ್ಮ ಹುಡುಗರಿಗೆ ಟ್ರ್ಯಾಕ್ ಯಾವುದಾದ್ರೇನು ಅಂತ ಕೇಳಬಹುದು. ವ್ಯತ್ಯಾಸ ಇದೆ, ದೊಡ್ಡದೇ ಇದೆ.

ಕಾರ್ ಅದೇ, ರಸ್ತೆ ಬೇರೆ

ಮೊನಾಕೊ ಟ್ರ್ಯಾಕ್ ಊರಿನ ಕಿರಿದಾದ ಬೀದಿಗಳಲ್ಲೇ ಇದೆ. ಉದ್ದ 3.337 ಕಿ.ಮೀ. ಓವರ್‌ಟೇಕ್ ಮಾಡೋಕೆ ಜಾಗವೇ ಇಲ್ಲ. 2024ರಲ್ಲಿ ಅಲ್ಲಿ ಮೊದಲ ಹತ್ತು ಕಾರುಗಳು ಹೊರಟ ಕ್ರಮದಲ್ಲೇ ರೇಸ್ ಮುಗಿಸಿದವು. ಬೆಂಗಳೂರಿನ ಕುಶ್ ಮೈನಿ 2025ರಲ್ಲಿ ಇಲ್ಲೇ ಫಾರ್ಮುಲಾ ಟು ಸ್ಪ್ರಿಂಟ್ ರೇಸ್ ಗೆದ್ದಾಗಲೂ ಮೊದಲ ಸ್ಥಾನದಿಂದ ಹೊರಟು ಕೊನೆವರೆಗೂ ಮುಂದೆಯೇ ಇದ್ದರು.

ಸ್ಪಾ ಇದಕ್ಕೆ ತದ್ವಿರುದ್ಧ. ಕಾಡು, ಗುಡ್ಡದ ನಡುವೆ 7.004 ಕಿ.ಮೀ. ಉದ್ದದ ಟ್ರ್ಯಾಕ್, ಈಗಿನ ಪಟ್ಟಿಯಲ್ಲಿ ಅತಿ ಉದ್ದದ್ದು. ಒಂದು ಕಡೆ ಮಳೆ, ಇನ್ನೊಂದು ಕಡೆ ಒಣ ರಸ್ತೆ ಇರೋದೂ ಉಂಟು. 2021ರಲ್ಲಿ ಜನ ಮಳೆಯಲ್ಲಿ ಗಂಟೆಗಟ್ಟಲೆ ಕಾದರು. ಸೇಫ್ಟಿ ಕಾರ್ ಹಿಂದೆ ಕೆಲವೇ ಸುತ್ತು ಹಾಕಿಸಿ ರೇಸ್ ಮುಗಿಸಿಬಿಟ್ರು. ಅಷ್ಟಾದ್ರೂ ಮರುವರ್ಷ ಗ್ಯಾಲರಿ ತುಂಬಿತ್ತು. ಫ್ಯಾನ್‌ಗೆ ಟ್ರ್ಯಾಕ್ ಎಷ್ಟು ಮುಖ್ಯ ಅನ್ನೋದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

ತುಂಬಿದ ಗ್ಯಾಲರಿಯೂ ಸಾಲಲ್ಲ

ಹಾಗಾದ್ರೆ ಜನ ಮೆಚ್ಚಿದ ಟ್ರ್ಯಾಕ್ ಉಳೀಬೇಕಲ್ವಾ? ಉಳಿಯಲ್ಲ. ರೇಸ್ ನಡೆಸೋ ಊರು ಫಾರ್ಮುಲಾ ಒನ್ ಕಂಪನಿಗೆ ದೊಡ್ಡ ಶುಲ್ಕ ಕಟ್ಟಬೇಕು. ಟಿವಿ ಹಕ್ಕು, ಪ್ರಾಯೋಜಕರ ಹಣದ ಜೊತೆಗೆ ಕಂಪನಿಗೆ ಇದೂ ಮುಖ್ಯ ಆದಾಯ. ಸಂಘಟಕರ ಕೈಗೆ ಬರೋದು ಹೆಚ್ಚಾಗಿ ಟಿಕೆಟ್ ಹಣ ಮಾತ್ರ. ಕೆಲವು ದೇಶಗಳಲ್ಲಿ ಸರ್ಕಾರವೇ ಬೆನ್ನಿಗೆ ನಿಲ್ಲುತ್ತೆ.

ಜಾಂಡ್‌ವೋರ್ಟ್‌ನಲ್ಲಿ ಹಾಗಿಲ್ಲ. ಅದು ಖಾಸಗಿಯವರೇ ನಡೆಸೋ ರೇಸ್. ತಮ್ಮ ದೇಶದ ಮ್ಯಾಕ್ಸ್ ವರ್ಸ್ಟಾಪನ್‌ಗಾಗಿ ಜನ ಕಿತ್ತಳೆ ಅಂಗಿ ತೊಟ್ಟು ಗ್ಯಾಲರಿ ತುಂಬಿಸಿದ್ರು. ಆದ್ರೂ 2026ರ ನಂತರ ಬೇಡ ಅಂತ ಸಂಘಟಕರೇ 2024ರ ಡಿಸೆಂಬರ್‌ನಲ್ಲಿ ಪ್ರಕಟಿಸಿದ್ರು. ಒಂದು ವರ್ಷ ಮಳೆ ಬಂದು ಟಿಕೆಟ್ ಹೋಗದಿದ್ರೆ ನಷ್ಟ ಅವರ ತಲೆ ಮೇಲೇ.

ನೋಯ್ಡಾ ಪಾಠ

ನಮ್ಮ ದೇಶಕ್ಕೂ ಈ ಪಾಠ ಆಗಿದೆ. ಗ್ರೇಟರ್ ನೋಯ್ಡಾದ ಬುದ್ಧ್ ಸರ್ಕ್ಯೂಟ್‌ನಲ್ಲಿ 2011ರಿಂದ 2013ರವರೆಗೆ ಮೂರು ಫಾರ್ಮುಲಾ ಒನ್ ರೇಸ್ ನಡೆದವು. ಮೂರನ್ನೂ ಸೆಬಾಸ್ಟಿಯನ್ ವೆಟ್ಟಲ್ ಗೆದ್ದರು. 5 ಕಿ.ಮೀ.ಗೂ ಹೆಚ್ಚು ಉದ್ದದ ಟ್ರ್ಯಾಕ್ ಚೆನ್ನಾಗಿಯೇ ಇತ್ತು. ಕೆಟ್ಟಿದ್ದು ಲೆಕ್ಕ. ಇದು ಕ್ರೀಡೆ ಅಲ್ಲ, ಮನರಂಜನೆ ಅಂತ ಉತ್ತರ ಪ್ರದೇಶ ಸರ್ಕಾರ ತೆರಿಗೆ ಹಾಕಿತು. ರೇಸ್ ನಿಂತಿತು. 2023ರಲ್ಲಿ ಒಮ್ಮೆ ಮೋಟೋಜಿಪಿ ಬೈಕ್ ರೇಸ್ ಬಂತು, ಮರುವರ್ಷ ಅದೂ ಇಲ್ಲ.

ರೇಸ್ ಹೋದ್ರೆ ಫ್ಯಾನ್ ಬೇರೆ ಊರಿನ ರೇಸನ್ನ ಟಿವಿಯಲ್ಲಿ ನೋಡ್ತಾನೆ. ಆದ್ರೆ ಟ್ರ್ಯಾಕ್ ಪಕ್ಕದ ಲಾಡ್ಜು, ಹೋಟೆಲು, ಟೀ ಅಂಗಡಿಯವರು ಎಲ್ಲಿಗೆ ಹೋಗಬೇಕು? ಅದಕ್ಕೇ ಸ್ಪಾದವರು ಒಪ್ಪಿಕೊಂಡ ದಾರಿ ಗಮನಿಸಬೇಕು. ವರ್ಷ ಬಿಟ್ಟು ವರ್ಷ ನಡೆದರೂ ಜಾತ್ರೆ ಜಾತ್ರೆಯೇ. ಪೂರ್ತಿ ನಿಂತ್ರೆ ಮತ್ತೆ ಶುರು ಮಾಡೋದು ಎಷ್ಟು ಕಷ್ಟ ಅಂತ ನೋಯ್ಡಾದ ಖಾಲಿ ಗ್ಯಾಲರಿ ನೋಡಿದ್ರೆ ಗೊತ್ತಾಗುತ್ತೆ.