ತಣ್ಣಗಿನ ನೀರೆಲ್ಲ ಶುದ್ಧ ನೀರಲ್ಲ

ಕಳೆದ ತಿಂಗಳು ಹದಿನಾಲ್ಕು ವರ್ಷದ ಹುಡುಗನೊಬ್ಬನನ್ನು ತಾಯಿ ನನ್ನ ಕ್ಲಿನಿಕ್ಕಿಗೆ ಕರೆತಂದಿದ್ದರು. ಕಣ್ಣು ಹಳದಿ, ವಾಂತಿ, ಊಟ ಸೇರುತ್ತಿಲ್ಲ. ರಕ್ತ ಪರೀಕ್ಷೆಯಲ್ಲಿ ಹೆಪಟೈಟಿಸ್ ‘ಎ’ ಎಂದು ತಿಳಿಯಿತು. ಕಲುಷಿತ ನೀರು, ಆಹಾರದಿಂದ ಹರಡುವ ಕಾಮಾಲೆ ಇದು. ಕುಡಿಯಲು ಯಾವ ನೀರು ಎಂದು ಕೇಳಿದೆ.

“ಫ್ರಿಜ್ಜಿನ ನೀರೇ ಡಾಕ್ಟ್ರೇ. ಅದರಲ್ಲೇ ಫಿಲ್ಟರ್ ಇದೆಯಲ್ಲ, ಕುದಿಸೋದು ಬಿಟ್ಟು ಎರಡು ವರ್ಷ ಆಯ್ತು.”

ಫಿಲ್ಟರ್ ಬದಲಾಯಿಸಿದ್ದು ಯಾವಾಗ ಎಂದೆ. “ಅದನ್ನೂ ಬದಲಾಯಿಸ್ಬೇಕಾ?” ಎಂದರು. ಮನೆಗೆ ಬರುತ್ತಿದ್ದುದು ಟ್ಯಾಂಕರ್ ನೀರು. ಹುಡುಗನ ಕಾಯಿಲೆಗೆ ಅದೇ ಕಾರಣವೆಂದು ನಾನು ಖಚಿತವಾಗಿ ಹೇಳಲಾರೆ. ಅವನು ಹೊರಗೂ ತಿನ್ನುತ್ತಿದ್ದ. ಆದರೆ ಆ ತಾಯಿಯ ನಂಬಿಕೆ ಮಾತ್ರ ತಪ್ಪು.

ನಲ್ಲಿಗೆ ಜೋಡಿಸಿದ ಫ್ರಿಜ್ಜುಗಳ ಫಿಲ್ಟರಿನಲ್ಲಿ ಸಾಮಾನ್ಯವಾಗಿ ಇರುವುದು ವಿಶೇಷವಾಗಿ ಸಂಸ್ಕರಿಸಿದ ಇದ್ದಿಲು. ಇದು ಕ್ಲೋರಿನ್ನಿನ ವಾಸನೆ, ರುಚಿಯನ್ನು ಹೀರಿಕೊಳ್ಳುತ್ತದೆ. ಕೆಲವು ಫಿಲ್ಟರ್‌ಗಳು ಸೀಸವನ್ನೂ ತಡೆಯುತ್ತವೆ. ಆದರೆ ಬ್ಯಾಕ್ಟೀರಿಯಾ, ವೈರಸ್‌ಗಳನ್ನು ಕೊಲ್ಲಲೆಂದು ಇದನ್ನು ಮಾಡಿಲ್ಲ. ತಣ್ಣಗಾದ ಮಾತ್ರಕ್ಕೆ ರೋಗಾಣು ಸಾಯುವುದೂ ಇಲ್ಲ. ಕೋಲಾರ, ಪಾವಗಡದ ಕಡೆಯ ಕೊಳವೆ ಬಾವಿಗಳಲ್ಲಿರುವ ಫ್ಲೋರೈಡನ್ನು ಈ ಇದ್ದಿಲೂ ತೆಗೆಯದು, ಕುದಿಸಿದರೂ ಹೋಗದು, ಅದಕ್ಕೆ ಆರ್‌.ಓ. ಯಂತ್ರದಂಥ ಬೇರೆ ವ್ಯವಸ್ಥೆಯೇ ಬೇಕು.

ಹಳೆಯ ಫಿಲ್ಟರಿನ ಅಪಾಯ ಇನ್ನೊಂದು. ರೋಗಾಣುಗಳನ್ನು ಅಂಕೆಯಲ್ಲಿಡುವ ಕ್ಲೋರಿನ್ನನ್ನು ಇದ್ದಿಲು ಹೀರಿಬಿಡುವುದರಿಂದ, ತಿಂಗಳುಗಟ್ಟಲೆ ಒದ್ದೆಯಾಗಿರುವ ಆ ಕೊಳವೆಯೊಳಗೇ ಬ್ಯಾಕ್ಟೀರಿಯಾ ಬೆಳೆಯಬಹುದು. ಆದ್ದರಿಂದ ತಯಾರಕರು ಹೇಳಿದ ಅವಧಿಗೆ, ಸಾಮಾನ್ಯವಾಗಿ 6 ತಿಂಗಳಿಗೊಮ್ಮೆ, ಬದಲಾಯಿಸಲೇಬೇಕು. ಫ್ರಿಜ್ಜಿನ ಸೂಚನಾ ದೀಪ ದಿನವನ್ನೋ ಹರಿದ ನೀರನ್ನೋ ಲೆಕ್ಕ ಹಾಕುತ್ತದೆಯೇ ಹೊರತು ನೀರನ್ನು ಪರೀಕ್ಷಿಸುವುದಿಲ್ಲ.

ಕೊಳ್ಳುವಾಗ ಹಳೆಯ ಫಿಲ್ಟರಿನ ಮೇಲಿನ ಸಂಖ್ಯೆ, ಫ್ರಿಜ್ಜಿನ ಮಾಡೆಲ್ ಸಂಖ್ಯೆ ಎರಡನ್ನೂ ಬರೆದುಕೊಂಡು ಹೋಗಿ. ‘ಎನ್‌ಎಸ್‌ಎಫ್ 42’ ಎಂದಿದ್ದರೆ ರುಚಿ, ವಾಸನೆ, ಕ್ಲೋರಿನ್ನಿಗೆ ಸಂಬಂಧಿಸಿದ್ದು. ‘53’ ಎಂದಿದ್ದರೆ ಸೀಸದಂಥ ಆರೋಗ್ಯಕ್ಕೆ ಹಾನಿಕರ ವಸ್ತುಗಳಿಗೆ. ಯಾವ ವಸ್ತು ಎಂಬುದನ್ನು ಪೆಟ್ಟಿಗೆಯ ಮೇಲೆ ಓದಿ ನೋಡಿ. ಅಗ್ಗವೆಂದು ಬಿಲ್ಲಿಲ್ಲದ ನಕಲಿ ಮಾಲು ತರಬೇಡಿ.

ಹಾಕುವ ಮೊದಲು ಕೈ ತೊಳೆಯಿರಿ. ರಬ್ಬರ್ ಬಳೆ ಸರಿಯಾಗಿ ಕೂತಿದೆಯೇ ನೋಡಿ, ಕೈಪಿಡಿಯಲ್ಲಿ ಹೇಳಿದಂತೆ ಕೂರಿಸಿ. ಸೋರದಿದ್ದರೆ ಮೊದಲ ಹತ್ತು ಹದಿನೈದು ಲೀಟರ್ ನೀರನ್ನು ಗಿಡಗಳಿಗೆ ಹಾಕಿಬಿಡಿ. ಇದ್ದಿಲ ಪುಡಿಯೂ ಗಾಳಿಯೂ ಹೋಗುತ್ತವೆ. ಹಾಕಿದ ತಾರೀಖನ್ನು ಚೀಟಿಯಲ್ಲಿ ಬರೆದು ಫ್ರಿಜ್ಜಿಗೇ ಅಂಟಿಸಿ.

ಇಷ್ಟೆಲ್ಲ ಮಾಡಿದರೂ ಸಂಪಿನ ನೀರು ನೇರವಾಗಿ ಫ್ರಿಜ್ಜಿಗೆ ಹೋಗಬಾರದು. ಶುದ್ಧೀಕರಿಸಿದ ನೀರನ್ನೇ ಅದಕ್ಕೆ ಕೊಡಿ; ಒತ್ತಡ ಸಾಲುತ್ತದೆಯೇ ಎಂದು ಮೆಕ್ಯಾನಿಕ್‌ನನ್ನು ಕೇಳಿ. ಇದೆಲ್ಲ ರಗಳೆ ಎನಿಸಿದರೆ ಆ ನಲ್ಲಿಯನ್ನು ಮುಚ್ಚಿಬಿಡಿ. ನೀರನ್ನು ಕೊತಕೊತ ಕುದಿಸಿ, ಆರಿಸಿ, ತೊಳೆದ ಬಾಟಲಿಯಲ್ಲಿ ತುಂಬಿ ಫ್ರಿಜ್ಜಿನಲ್ಲಿಡಿ. ನಮ್ಮ ಮನೆಯಲ್ಲಿ ಮಾಡುವುದೂ ಅದನ್ನೇ.

ಹುಡುಗ ಚೇತರಿಸಿಕೊಳ್ಳುತ್ತಿದ್ದಾನೆ. ಮೊನ್ನೆ ಬಂದ ತಾಯಿ, ಪಾತ್ರೆ ಮತ್ತೆ ಒಲೆಯ ಮೇಲೇರಿದೆ ಎಂದರು.