ಒದ್ದೆ ಹಲಗೆಯ ಸ್ವಾತಂತ್ರ್ಯ

"ನಮ್ಮಿಂದ ಯಾರಿಗೇನು ಕೇಡು? ನಮ್ಮ ಹಲಗೆಗೆ ಎಂಜಿನ್ನಿಲ್ಲ, ಹೊಗೆಯಿಲ್ಲ, ಸದ್ದಿಲ್ಲ." ಯೂರೋಪಿನ ಸರೋವರಗಳ ದಂಡೆಯಲ್ಲಿ ಬೇಸಿಗೆ ಕಳೆಯುವವರ ಬಾಯಲ್ಲಿ ಇದೊಂದು ಮಂತ್ರವಾಗಿಬಿಟ್ಟಿದೆ. ಮನೆಯನ್ನೇ ಹೊತ್ತು ನಡೆಯುವ ಕ್ಯಾಂಪರ್ ವ್ಯಾನು. ಅದರ ಮೂಲೆಯಲ್ಲಿ ಗಾಳಿ ತೆಗೆದು ಸುರುಳಿ ಸುತ್ತಿಟ್ಟ ಪ್ಯಾಡಲ್ ಬೋರ್ಡು. ನೀರಿನಂಚಿಗೆ ಬಂದು, ಗಾಳಿ ತುಂಬಿ, ಹಲಗೆಯ ಮೇಲೆ ನೆಟ್ಟಗೆ ನಿಂತು, ಉದ್ದನೆಯ ಹುಟ್ಟು ಹಾಕುತ್ತ ಹೊರಟರೆ ಆಯಿತು. ಇಂದು ಈ ಸರೋವರ; ಬೇಸರವಾದರೆ ನಾಳೆ ಇನ್ನೊಂದು. ಇದಕ್ಕೆ ಸ್ವಾತಂತ್ರ್ಯವೆಂದು ಹೆಸರು. ಸ್ಟಟ್‌ಗಾರ್ಟ್, ಮ್ಯೂನಿಕ್‌ಗಳಲ್ಲಿ ನೆಲಸಿದ ನಮ್ಮ ಎಂಜಿನಿಯರರಿಗೂ ಈ ಸುಖ ಅಪರಿಚಿತವಲ್ಲ. ಆದುದರಿಂದ ಪರರ ಮನೆಯ ಜಗಳವೆಂದು ನಾವು ಸುಮ್ಮನಿರಬೇಕಾಗಿಲ್ಲ.

ಈ ಸುಖವನ್ನು ಹಂಗಿಸುವುದು ನನ್ನ ಉದ್ದೇಶವಲ್ಲ. 1951ರಲ್ಲಿ ವೆಸ್ಟ್‌ಫಾಲಿಯಾ ಕಾರ್ಖಾನೆಯವರು ಫೋಕ್ಸ್‌ವ್ಯಾಗನ್ ವ್ಯಾನಿನೊಳಗೆ ಹಾಸಿಗೆ, ಕಪಾಟುಗಳನ್ನು ಅಳವಡಿಸಿಕೊಡತೊಡಗಿದ ಮೇಲೆ, ಹೋಟೆಲಿನ ಬಾಡಿಗೆ ತೆರಲಾರದ ಎಷ್ಟೋ ಸಂಸಾರಗಳು ಬೆಟ್ಟವನ್ನೂ ನೀರನ್ನೂ ಕಂಡವು. ಒಳ್ಳೆಯದೇ ಆಯಿತು. ನನ್ನ ತಕರಾರೆಲ್ಲ ಆ ಮಂತ್ರದ ಮೇಲೆ. ಸದ್ದಿಲ್ಲದಿದ್ದರೆ ಕೇಡೂ ಇಲ್ಲವೆಂಬುದು ಶುದ್ಧ ಸುಳ್ಳು.

ಮೊದಲು ಹಕ್ಕಿಯನ್ನು ಕೇಳಿರಿ. ಜುಟ್ಟಿನ ಗುಳುಮುಳುಕ ಜೊಂಡಿನ ನಡುವೆ ತೇಲುವ ಗೂಡು ಕಟ್ಟಿ ಮೊಟ್ಟೆಯಿಡುತ್ತದೆ. ಮೋಟಾರು ದೋಣಿ ಅಲ್ಲಿಗೆ ನುಗ್ಗಲಾರದು. ತಳ ನೆಲಕ್ಕೆ ತಾಗುತ್ತದೆ. ಹಲಗೆಗೆ ಗೇಣುದ್ದ ನೀರು ಸಾಕು. ಅದರ ಮೇಲೆ ಆಳೆತ್ತರದ ಮನುಷ್ಯಾಕೃತಿ ನಿಂತಿರುತ್ತದೆ. ದೂರದಿಂದಲೇ ಕಂಡು ಹಕ್ಕಿ ಗೂಡು ಬಿಟ್ಟು ಸರಿಯುತ್ತದೆ. ಹುಟ್ಟು ಹಾಕುವವನಿಗೆ ಅದು ಸುಂದರ ದೃಶ್ಯ. ಹಕ್ಕಿಗೆ ಅದು ತಣ್ಣಗಾಗುತ್ತಿರುವ ಮೊಟ್ಟೆ.

ಎರಡನೆಯದು ಇನ್ನೂ ಗಹನ. ಜರ್ಮನರು ಬೋಡನ್ ಸೀ ಎಂದು ಕರೆಯುವ ಕಾನ್‌ಸ್ಟನ್ಸ್ ಸರೋವರದಲ್ಲಿ 2016ರಲ್ಲಿ ಕ್ವಾಗಾ ಎಂಬ ಚಿಪ್ಪುಜೀವಿ ಮೊದಲ ಬಾರಿಗೆ ಕಂಡಿತು. ಇದರ ತವರು ಕಪ್ಪು ಸಮುದ್ರದ ಕಡೆಯ ನದಿಗಳು. ಮರಿಗಳು ಕಣ್ಣಿಗೆ ಕಾಣದಷ್ಟು ಸಣ್ಣವು. ಬೆಳೆದವು ಸರೋವರದ ತಳದಲ್ಲಿ ರತ್ನಗಂಬಳಿಯಂತೆ ಹಾಸಿಕೊಳ್ಳುತ್ತವೆ, ಮೀನಿಗೆ ಸಲ್ಲಬೇಕಾದ ಸೂಕ್ಷ್ಮಾಹಾರವನ್ನು ಸೋಸಿ ನುಂಗುತ್ತವೆ. ಅಲ್ಲಿನ ಬೆಸ್ತರ ಮುಖ್ಯ ಮೀನಾದ ಫೆಲ್ಷೆನ್ ಎಷ್ಟು ಕುಸಿಯಿತೆಂದರೆ, 2024ರ ಜನವರಿಯಿಂದ ಮೂರು ವರ್ಷ ಅದನ್ನು ಹಿಡಿಯಕೂಡದೆಂದು ನಿಷೇಧ ವಿಧಿಸಬೇಕಾಯಿತು. ಕಾರಣಗಳು ಹಲವು, ಕ್ವಾಗಾ ಅವುಗಳಲ್ಲೊಂದು. ಇದೇ ಸರೋವರದ ನೀರನ್ನು ಸ್ಟಟ್‌ಗಾರ್ಟ್ ಸೇರಿದಂತೆ ಸುಮಾರು 40 ಲಕ್ಷ ಜನ ಕುಡಿಯುತ್ತಾರೆ. ಸುಮಾರು 60 ಮೀಟರ್ ಆಳದಿಂದ ನೀರೆತ್ತುವ ಆ ಕೊಳವೆಗಳಿಗೂ ಚಿಪ್ಪು ಅಂಟಿಕೊಂಡಿದೆ.

ಕಾನ್‌ಸ್ಟನ್ಸಿನಿಂದ ಇದನ್ನು ಕಿತ್ತೊಗೆಯುವ ಉಪಾಯವಿಲ್ಲ. ಈಗ ಕಾಪಾಡಬೇಕಾದದ್ದು ಮುಂದಿನ ಸರೋವರವನ್ನು. ಚಿಪ್ಪಿಗೆ ರೆಕ್ಕೆಯಿಲ್ಲ, ಬೆಟ್ಟ ಹತ್ತಲಾರದು. ಅದನ್ನು ದಾಟಿಸುವುದು ದೋಣಿಯ ತಳ, ಮೀನಿನ ಬಲೆ, ಒದ್ದೆ ಹಲಗೆಯ ಮಡಿಕೆ. ಸಂಜೆ ಸುತ್ತಿ ಚೀಲಕ್ಕೆ ತುರುಕಿದ ಹಲಗೆ ಮರುದಿನ ಬೆಳಗ್ಗೆ ಬೇರೊಂದು ನೀರಿಗಿಳಿಯುತ್ತದೆ. "ನಾಳೆ ಇನ್ನೊಂದು" ಎಂಬ ಆ ಸ್ವಾತಂತ್ರ್ಯವೇ ಚಿಪ್ಪಿಗೆ ಸಿಕ್ಕಿದ ಸಾರೋಟು!

"ಮೋಟಾರು ದೋಣಿಯವರು ಮಾಡುವ ಹಾವಳಿ ಇದಕ್ಕಿಂತ ದೊಡ್ಡದಲ್ಲವೆ?" ಎನ್ನುವವರುಂಟು. ಇರಬಹುದು. ದೊಡ್ಡ ಕಳ್ಳನನ್ನು ತೋರಿಸಿ ಸಣ್ಣ ಕಳ್ಳ ಪಾರಾಗುವುದು ಯಾವ ನ್ಯಾಯ?

ಇಷ್ಟು ಹೇಳಿದೊಡನೆ ಮತ್ತೊಂದು ಕಡೆಯಿಂದ ಚಪ್ಪಾಳೆ ಕೇಳಿಸುತ್ತದೆ. ದಂಡೆಯಲ್ಲಿ ಬಂಗಲೆ ಕಟ್ಟಿ, ನೀರಿನವರೆಗೂ ಬೇಲಿ ಎಳೆದ ಮಹನೀಯರದು ಅದು. "ನಾವು ಹೇಳಲಿಲ್ಲವೆ? ಈ ವ್ಯಾನಿನವರನ್ನು ಹತ್ತಿರ ಸೇರಿಸಬಾರದು" ಎನ್ನುತ್ತಾರೆ. ಅವರ ಚಪ್ಪಾಳೆ ನನಗೆ ಬೇಡ. ನೆಗಡಿಯಾಯಿತೆಂದು ಮೂಗು ಕೊಯ್ದುಕೊಳ್ಳುವ ಮಾತಿದು. ಅದೂ ತಮ್ಮದಲ್ಲ, ಪರರ ಮೂಗು. ಜ್ಯೂರಿಕ್ ಪ್ರಾಂತದಲ್ಲಿ ಸರೋವರದ ಉದ್ದಕ್ಕೂ ಕಾಲುದಾರಿ ಬೇಕೆಂಬ ಬೇಡಿಕೆ 2024ರ ಮಾರ್ಚಿಯಲ್ಲಿ ಜನರ ಮತಕ್ಕೆ ಬಂದು ಸೋತುಹೋಯಿತು. ದಂಡೆ ಒಮ್ಮೆ ಕೈತಪ್ಪಿದರೆ ಮರಳಿ ಪಡೆಯುವುದು ಎಷ್ಟು ಕಷ್ಟವೆಂಬುದಕ್ಕೆ ಬೇರೆ ಸಾಕ್ಷಿ ಬೇಕೆ?

ಬವೇರಿಯದ ಸಂವಿಧಾನ 1946ರದು. ಅದರ 141ನೆಯ ವಿಧಿಯ ಪ್ರಕಾರ ಪ್ರಕೃತಿಯ ಚೆಲುವು ಎಲ್ಲರಿಗೂ ಸಲ್ಲತಕ್ಕದ್ದು. ನೀರಿನಲ್ಲಿ ತೇಲಾಡುವುದಕ್ಕೂ ಎಲ್ಲರಿಗೂ ಹಕ್ಕುಂಟು. ಸರೋವರದ ದಾರಿಯನ್ನು ತೆರೆದಿಡುವುದು, ಬೇಕಾದರೆ ಒಡೆಯನ ಆಸ್ತಿಹಕ್ಕನ್ನು ಮೊಟಕುಗೊಳಿಸಿಯಾದರೂ ತೆರೆಸುವುದು, ಸರ್ಕಾರದ ಹಾಗೂ ಊರಾಡಳಿತದ ಕರ್ತವ್ಯ. ಬಂಗಲೆಯವರು ಇದನ್ನು ಓದಲಿ. ಅದೇ ವಿಧಿಯಲ್ಲೇ ಇನ್ನೊಂದು ಮಾತಿದೆ: ಪ್ರಕೃತಿಯನ್ನು ಜೋಪಾನವಾಗಿ ನೋಡಿಕೊಳ್ಳುವ ಹೊಣೆ ಪ್ರತಿಯೊಬ್ಬನದೂ ಹೌದು. ವ್ಯಾನಿನವರು ಇದನ್ನು ಓದಲಿ.

ಹಾಗಾದರೆ ಮಾಡಬೇಕಾದದ್ದೇನು? ಹೆಚ್ಚೇನಿಲ್ಲ. ಜೊಂಡಿನಿಂದ ದೂರವಿರಿ. ನೀರಿನಿಂದ ಮೇಲೆ ಬಂದ ಹಲಗೆಯನ್ನು ತೊಳೆದು, ಬಸಿದು, ಪೂರ್ತಿ ಒಣಗಿಸಿ, ಆಮೇಲೆ ಸುತ್ತಿಡಿ. ಎರಡು ಮಾರು ಹುಲ್ಲುನೆಲಕ್ಕೆ ರಾತ್ರಿಯ ಲೆಕ್ಕದಲ್ಲಿ ಹಣ ಎಣಿಸಿಕೊಳ್ಳುವ ಶಿಬಿರದ ಮಾಲೀಕರು ಒಂದು ನಲ್ಲಿಯನ್ನೂ ಹಲಗೆ ಒಣಹಾಕಲು ಒಂದು ಗಳುವನ್ನೂ ಒದಗಿಸಲಾರರೆ? ಒದಗಿಸದಿದ್ದರೆ ಕಾನೂನು ಒದಗಿಸಲಿ.

ಒಣಗುವ ತನಕ ಕಾಯುವುದು ಬೇಸರವೆಂದು ಗೊಣಗುವವರೂ ಇದ್ದಾರೆ. ಅವರಿಗೆ ನನ್ನದೊಂದೇ ಪ್ರಶ್ನೆ: ಗಡಿಯಾರದ ಹಂಗು ಹರಿದುಕೊಂಡು ಬಂದೆವೆನ್ನುತ್ತೀರಲ್ಲ, ಒಂದು ಹಲಗೆ ಒಣಗುವಷ್ಟು ಹೊತ್ತು ಕೂಡ ನಿಮ್ಮ ಹತ್ತಿರ ಇಲ್ಲವೆ?