ಹಾಯಿದೋಣಿಯ ತಳದಲ್ಲಿ ಅಂಟಿಕೊಂಡದ್ದು

ಸಮುದ್ರಕ್ಕೂ ನಮಗೂ ನಡುವೆ ಘಟ್ಟವಿದೆ. ಹೀಗಿರುವಾಗ ಶಾಂತಸಾಗರದ ಹಾಯಿದೋಣಿಗಳ ವಿಚಾರ ಮಲೆನಾಡಿನ ಈ ಪುಟಗಳಲ್ಲೇಕೆ ಎಂದು ಓದುಗರು ಕೇಳಬಹುದು. ಮಿತಿಯೊಳಗೆ ಬದುಕುವುದು ಹೇಗೆಂಬ ಪಾಠವನ್ನು ಇಂದು ನಮಗಿಂತ ಚೆನ್ನಾಗಿ ಕಲಿತಿರುವ ಒಂದು ಸಣ್ಣ ಸಮುದಾಯ ಆ ದೋಣಿಗಳಲ್ಲಿದೆ. ಹಾಗೆ ಮಿತಿಯಲ್ಲಿ ಬದುಕುವವನೂ ತನ್ನೊಡನೆ ಏನೇನನ್ನು ಹೊತ್ತು ತರಬಲ್ಲನೆಂಬ ಇನ್ನೊಂದು ಪಾಠ ಆ ದೋಣಿಗಳು ತಂಗುವ ದ್ವೀಪಗಳಲ್ಲಿದೆ. ಈ ಎರಡನೆಯ ಪಾಠದಲ್ಲಿ ನಮ್ಮ ಬೆಟ್ಟಗಳ ಹೆಸರೂ ಸೇರಿಕೊಂಡಿದೆ.

ಪ್ರತಿವರ್ಷ ಫೆಬ್ರವರಿಯಿಂದ ಮೇ ತಿಂಗಳೊಳಗೆ ನೂರಾರು ಸಣ್ಣ ಹಾಯಿದೋಣಿಗಳು ಪನಾಮಾ ಕಾಲುವೆಯನ್ನು ದಾಟಿ ಶಾಂತಸಾಗರಕ್ಕೆ ಇಳಿಯುತ್ತವೆ. ಹತ್ತು ಹನ್ನೆರಡು ಮೀಟರ್ ಉದ್ದದ ದೋಣಿ. ಅದರೊಳಗೆ ಹೆಚ್ಚಾಗಿ ಗಂಡ ಹೆಂಡತಿ, ಕೆಲವೊಮ್ಮೆ ಮಕ್ಕಳು. ಅವರಲ್ಲಿ ಹಲವರು ವರ್ಷಗಟ್ಟಲೆ ಅದನ್ನೇ ಮನೆ ಮಾಡಿಕೊಂಡವರು. ಪನಾಮಾದಿಂದ ಗಲಪಗೋಸ್ ದ್ವೀಪಗಳಿಗೆ ಸುಮಾರು 1,600 ಕಿಲೋಮೀಟರ್. ಅಲ್ಲಿಂದ ಮಾರ್ಕೇಸಸ್ ದ್ವೀಪಗಳಿಗೆ ಸುಮಾರು 5,500 ಕಿಲೋಮೀಟರ್. ಮೂರು ನಾಲ್ಕು ವಾರಗಳ ಕಾಲ ನೆಲವೇ ಕಾಣದ ದಾರಿ. ಗಾಳಿ ಬೀಸಿದರೆ ಪಯಣ, ಗಾಳಿ ನಿಂತರೆ ತೇಲಾಟ. ಹಗಲು ರಾತ್ರಿ ಮೂರು ನಾಲ್ಕು ಗಂಟೆಗಳ ಸರದಿಯಲ್ಲಿ ಒಬ್ಬರು ಎಚ್ಚರವಾಗಿರಲೇಬೇಕು. ಬೆಳಗ್ಗೆ ಎದ್ದು ನೋಡಿದರೆ ರಾತ್ರಿ ಹಾರಿಬಂದು ಬಿದ್ದ ಹಾರುಮೀನುಗಳು ಅಟ್ಟದ ಮೇಲೆ ಒಣಗಿರುತ್ತವೆ. ಮೂತಿಯ ಮುಂದಿನ ಅಲೆಯಲ್ಲಿ ಡಾಲ್ಫಿನ್‌ಗಳು ಜೊತೆಯಾಗುತ್ತವೆ. ಕತ್ತಲಲ್ಲಿ ದೋಣಿ ಸೀಳಿದ ನೀರು, ಮಳೆಗಾಲದ ನಮ್ಮ ಕಾಡಿನ ಕೊಳೆತ ಮರ ಮಿನುಗುವಂತೆ, ಸೂಕ್ಷ್ಮಜೀವಿಗಳ ಬೆಳಕಿನಿಂದ ಮಿನುಗುತ್ತದೆ.

ಆದರೆ ಕೃಷಿ ವಿಜ್ಞಾನದ ವಿದ್ಯಾರ್ಥಿಯಾದ ನನ್ನನ್ನು ಸೆಳೆದದ್ದು ಈ ಸೊಬಗಿಗಿಂತ ಆ ಮನೆಯ ಲೆಕ್ಕಾಚಾರ. ಇಂಥ ದೋಣಿಯ ತೊಟ್ಟಿಯಲ್ಲಿ ಸಾಮಾನ್ಯವಾಗಿ ಕೆಲವು ನೂರು ಲೀಟರ್ ಸಿಹಿನೀರಿರುತ್ತದೆ. ದೀರ್ಘಯಾನದಲ್ಲಿ ತಲೆಗೆ ದಿನಕ್ಕೆ ನಾಲ್ಕು ಲೀಟರ್ ಎಂಬುದು ಹಳೆಯ ನಾವಿಕರ ಅಳತೆ. ಪಾತ್ರೆ ತೊಳೆಯುವುದು, ಮೈ ತೊಳೆಯುವುದು ಉಪ್ಪುನೀರಿನಲ್ಲಿ. ಕೊನೆಯ ಒಂದು ತಂಬಿಗೆ ಮಾತ್ರ ಸಿಹಿನೀರು. ನಮ್ಮ ದೇಶದಲ್ಲಿ 2019ರಲ್ಲಿ ಆರಂಭವಾದ ಜಲಜೀವನ ಯೋಜನೆ ಗ್ರಾಮವಾಸಿಗೆ ದಿನಕ್ಕೆ 55 ಲೀಟರ್ ಎಂದು ಗೊತ್ತುಪಡಿಸಿದೆ ಎಂಬುದನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಇತ್ತೀಚಿನ ಅನೇಕ ದೋಣಿಗಳಲ್ಲಿ ಸಮುದ್ರದ ನೀರನ್ನು ಸೋಸಿ ಸಿಹಿಮಾಡುವ ಯಂತ್ರವಿದೆ, ನಿಜ. ಆದರೆ ಆ ಯಂತ್ರಕ್ಕೆ ವಿದ್ಯುತ್ತು ಬೇಕು. ವಿದ್ಯುತ್ತು ಬರಬೇಕಾದದ್ದು ಚಾವಣಿಯ ಸೌರಫಲಕದಿಂದ. ಮೋಡ ಕವಿದ ದಿನ ನೀರಿನ ಲೆಕ್ಕವೂ ಬಿಗಿಯಾಗುತ್ತದೆ. ತರಕಾರಿಯೂ ಹಾಗೆಯೇ. ಎಲೆಕೋಸು, ಈರುಳ್ಳಿ, ಆಲೂಗಡ್ಡೆ ವಾರಗಟ್ಟಲೆ ಉಳಿಯುತ್ತವೆ. ಟೊಮೆಟೊವನ್ನು ಕಾಯಿಯಾಗಿ ಕೊಂಡು ಒಂದೊಂದಾಗಿ ಹಣ್ಣಾಗಿಸಬೇಕು. ಹಸಿರೆಲ್ಲ ಮುಗಿದ ಮೇಲೆ ಹೆಸರುಕಾಳಿನ ಮೊಳಕೆಯೇ ಸೊಪ್ಪು. ದೋಣಿಯ ಮೇಲೆ 'ಹೊರಗೆ ಎಸೆದೆ' ಎಂಬ ಮಾತಿಗೆ ಅರ್ಥವಿಲ್ಲ. ಪ್ಲಾಸ್ಟಿಕ್ಕನ್ನು ಸಮುದ್ರಕ್ಕೆ ಚೆಲ್ಲುವುದನ್ನು ಅಂತರರಾಷ್ಟ್ರೀಯ ನಿಯಮ 1988ರಿಂದಲೇ ನಿಷೇಧಿಸಿದೆ. ಕಸವನ್ನು ತೊಳೆದು, ಮಡಚಿ, ಮುಂದಿನ ಬಂದರಿನವರೆಗೆ ತನ್ನ ಮಂಚದಡಿಯಲ್ಲೇ ಇಟ್ಟುಕೊಳ್ಳಬೇಕು. ನಮ್ಮ ಅಜ್ಜಿಯರ ಅಡುಗೆಮನೆಯಲ್ಲಿ ಇದ್ದ ಶಿಸ್ತು ಇದು.

ಇಷ್ಟು ಹೇಳಿ ಹಾಯಿದೋಣಿಯ ಬದುಕನ್ನು ಆದರ್ಶವೆಂದು ಕೊಂಡಾಡಿ ಮುಗಿಸುವುದು ಸುಲಭ. ಅನೇಕ ಪ್ರವಾಸಕಥನಗಳು ಹಾಗೆಯೇ ಮುಗಿಯುತ್ತವೆ. ಆದರೆ ದೋಣಿಯೊಳಗಿರುವವರ ಲೆಕ್ಕಪುಸ್ತಕದಲ್ಲಿ ಬಾರದ ಒಂದು ಬಾಬ್ತಿದೆ. ಅದು ದೋಣಿಯ ತಳದಲ್ಲಿ ಅಂಟಿಕೊಂಡಿರುವುದು. ನೀರಿನಲ್ಲಿ ನಿಂತ ಯಾವ ಹಲಗೆಯ ಮೇಲೂ ಕೆಲವೇ ವಾರಗಳಲ್ಲಿ ಪಾಚಿ, ಚಿಪ್ಪುಜೀವಿ, ಪಾಚಿಯ ನಡುವೆ ಅಡಗುವ ಸಣ್ಣ ಹುಳುಗಳು ನೆಲೆಸುತ್ತವೆ. ಒಂದು ಸಮುದ್ರದ ಜೀವಿ ಹೀಗೆ ಇನ್ನೊಂದು ಸಮುದ್ರಕ್ಕೆ ಸವಾರಿ ಹೋಗುತ್ತದೆ. ಇದನ್ನು ತಡೆಯಲು ಬಳಿಯುವ ಬಣ್ಣದಲ್ಲಿ ವಿಷವಿರುತ್ತದೆ. ಹಿಂದೆ ಬಳಸುತ್ತಿದ್ದ ತವರದ ಸಂಯುಕ್ತ ಚಿಪ್ಪುಜೀವಿಗಳ ಸಂತಾನಶಕ್ತಿಯನ್ನೇ ಕೆಡಿಸಿದ್ದರಿಂದ, 2008ರಲ್ಲಿ ಜಾರಿಗೆ ಬಂದ ಒಪ್ಪಂದ ಅದನ್ನು ನಿಷೇಧಿಸಿತು. ಈಗ ಹೆಚ್ಚಾಗಿ ತಾಮ್ರವಿದೆ. ಇನ್ನು ಲಂಗರು. ಹವಳದ ನಡುವೆ ಬಿದ್ದ ಲಂಗರಿನ ಸರಪಳಿ ಗಾಳಿ ತಿರುಗಿದಂತೆಲ್ಲ ಅರ್ಧಚಂದ್ರಾಕಾರದಲ್ಲಿ ತಳವನ್ನು ಉಜ್ಜುತ್ತದೆ. ದೋಣಿಯವರು ಮೇಲೆ ಸೂರ್ಯಾಸ್ತವನ್ನು ನೋಡುತ್ತಿರುವಾಗಲೇ ಕೆಳಗೆ ದಶಕಗಳ ಹವಳ ಪುಡಿಯಾಗುತ್ತಿರಬಹುದು.

ಈಕ್ವೆಡಾರ್ ದೇಶಕ್ಕೆ ಸೇರಿದ ಗಲಪಗೋಸ್ ಈ ಬಾಬ್ತನ್ನು ಬಾಗಿಲಲ್ಲೇ ನಿಂತು ಕೇಳುತ್ತದೆ. ಬಂದ ಹಾಯಿದೋಣಿಯ ಕೆಳಗೆ ಮುಳುಗುಗಾರನೊಬ್ಬ ಇಳಿದು ತಳವನ್ನು ಪರೀಕ್ಷಿಸುತ್ತಾನೆ. ಪಾಚಿ, ಚಿಪ್ಪು ಕಂಡರೆ, ಮೀಸಲು ಸಮುದ್ರದ ಗಡಿಯಾಚೆಗೆ ಹೋಗಿ ಉಜ್ಜಿ ಬರಬೇಕೆಂಬ ಆಜ್ಞೆಯಾಗಬಹುದು. ಕೀಟನಾಶಕ ಧೂಪ ಹಾಕಿಸಿದ ಪ್ರಮಾಣಪತ್ರ ಬೇಕು. ಕಸಕ್ಕೆ ಬೇರೆ ಬೇರೆ ಬುಟ್ಟಿಗಳಿರಬೇಕು. ಕೆಲವು ಹಣ್ಣು, ಬೀಜ, ಮಾಂಸಗಳಿಗೆ ಪ್ರವೇಶವಿಲ್ಲ. ಒಳಬಂದ ಮೇಲೂ ಮನಬಂದ ದ್ವೀಪಕ್ಕೆ ದೋಣಿ ತಿರುಗಿಸುವಂತಿಲ್ಲ. ಗೊತ್ತುಪಡಿಸಿದ ಬಂದರುಗಳಲ್ಲಿ ಲಂಗರು ಹಾಕಿ, ಉಳಿದುದನ್ನು ಪರವಾನಗಿಯುಳ್ಳ ಸ್ಥಳೀಯ ಮಾರ್ಗದರ್ಶಿಯೊಡನೆ ನೋಡಬೇಕು. ಪ್ರಾಣಿಗಳಿಂದ ಎರಡು ಮೀಟರ್ ದೂರ ನಿಲ್ಲಬೇಕು. ಆ ನಿಯಮ ಪ್ರಾಣಿಗಳಿಗೆ ತಿಳಿದಿಲ್ಲ! ಅಲ್ಲಿನ ಕಡಲಸಿಂಹಗಳು ತಂಗಿದ ದೋಣಿಯನ್ನು ಹತ್ತಿ, ಕುಳಿತುಕೊಳ್ಳುವ ಜಾಗದಲ್ಲೇ ಮಲಗಿಬಿಡುತ್ತವೆ. ಬಂಡೆಗಳ ಮೇಲೆ ಕಡಲ ಇಗ್ವಾನಾಗಳು ಪಾಚಿ ಮೇಯ್ದು ಬಂದು ಮೂಗಿನಿಂದ ಉಪ್ಪನ್ನು ಸೀನುತ್ತ ಬಿಸಿಲು ಕಾಯುತ್ತವೆ. ತಣ್ಣನೆಯ ಪ್ರವಾಹಗಳ ಕೃಪೆಯಿಂದ ಭೂಮಧ್ಯರೇಖೆಯ ಮೇಲೂ ಪೆಂಗ್ವಿನ್‌ಗಳಿವೆ. ಮನುಷ್ಯನನ್ನು ಕಂಡು ಓಡಬೇಕೆಂಬ ಭಯವನ್ನೇ ಕಲಿಯದ ಜೀವಲೋಕವದು.

ಆ ನಿರ್ಭಯಕ್ಕೆ ಅವು ತೆತ್ತ ಬೆಲೆ ದೊಡ್ಡದು. ಹಾಯಿಹಡಗುಗಳ ಕಾಲದಲ್ಲಿ, ತಿಂಗಳುಗಟ್ಟಲೆ ನೀರಿಲ್ಲದೆ ಬದುಕುತ್ತವೆಂಬ ಒಂದೇ ಕಾರಣಕ್ಕೆ, ಅಲ್ಲಿನ ದೈತ್ಯ ಆಮೆಗಳನ್ನು ತಾಜಾ ಮಾಂಸದ ದಾಸ್ತಾನಾಗಿ ಹಡಗಿನ ಒಡಲಲ್ಲಿ ಪೇರಿಸಿಕೊಂಡು ಹೋದರು. ಹೀಗೆ ಹೋದವು ಒಂದು ಲಕ್ಷಕ್ಕೂ ಹೆಚ್ಚೆಂದು ಅಂದಾಜಿದೆ. 1835ರಲ್ಲಿ ಡಾರ್ವಿನ್ ಬಂದ ಬೀಗಲ್ ಹಡಗಿನಲ್ಲೂ ಆಮೆಯ ಮಾಂಸ ಬೆಂದಿತ್ತು. ಒಯ್ದದ್ದಕ್ಕಿಂತ ಬಿಟ್ಟುಹೋದದ್ದರ ಹಾನಿ ಇನ್ನೂ ದೀರ್ಘವಾಯಿತು. ಪಿಂಟಾ ದ್ವೀಪದಲ್ಲಿ 1959ರಲ್ಲಿ ಮೀನುಗಾರರು ಮೂರೇ ಮೂರು ಆಡುಗಳನ್ನು ಬಿಟ್ಟರು. ಮುಂದಿನ ದಶಕದಲ್ಲಿ ಅವು ಸಾವಿರ ಸಾವಿರವಾಗಿ ಬೆಳೆದು ದ್ವೀಪದ ಹಸಿರನ್ನು ಬೋಳಿಸಿದವು. ಆ ದ್ವೀಪದ ಆಮೆಯ ಕುಲದಲ್ಲಿ 1971ರಲ್ಲಿ ಒಂದೇ ಒಂದು ಗಂಡು ಕಣ್ಣಿಗೆ ಬಿತ್ತು. 'ಒಂಟಿ ಜಾರ್ಜ್' ಎಂದು ಲೋಕ ಕರೆದ ಆ ಆಮೆ 2012ರ ಜೂನ್ 24ರಂದು ಸತ್ತಾಗ ಕುಲವೇ ಮುಗಿಯಿತು. ಬೇರೆ ದ್ವೀಪಗಳಲ್ಲಿ ಆಡುಗಳನ್ನು ನಿರ್ಮೂಲ ಮಾಡಲು 1997ರಿಂದ 2006ರವರೆಗೆ ನಡೆದ ಕಾರ್ಯಾಚರಣೆಯಲ್ಲಿ 1,40,000ಕ್ಕೂ ಹೆಚ್ಚು ಆಡುಗಳನ್ನು ಕೊಲ್ಲಬೇಕಾಯಿತು. ತಂದವನಿಗೆ ಖರ್ಚಾದದ್ದು ಮೂರು ಆಡುಗಳ ಬೆಲೆ. ತೆಗೆಯುವವನಿಗೆ ಹತ್ತು ವರ್ಷ ಹಾಗೂ ಕೋಟಿಗಟ್ಟಲೆ ಹಣ.

ಈಗ ನಮ್ಮ ಬೆಟ್ಟದ ಪಾಲಿಗೆ ಬರೋಣ. ಗಲಪಗೋಸಿನ ಸಾಂತಾ ಕ್ರೂಸ್ ದ್ವೀಪದ ಮಂಜಿನ ಎತ್ತರದಲ್ಲಿ ಸ್ಕಲೇಸಿಯ ಎಂಬ ಮರಗಳ ಕಾಡಿದೆ. ಸೂರ್ಯಕಾಂತಿಯ ಕುಟುಂಬಕ್ಕೆ ಸೇರಿಯೂ ಮರವಾಗಿ ಬೆಳೆದ ಈ ಸಸ್ಯ ಭೂಮಿಯ ಮೇಲೆ ಬೇರೆಲ್ಲೂ ಇಲ್ಲ. ಬೇಸಾಯಕ್ಕಾಗಿ ಬಹುಪಾಲು ಕಡಿದುಹೋಗಿ ಉಳಿದ ತುಣುಕನ್ನು ಇಂದು ಒಂದು ಮುಳ್ಳುಪೊದೆ ನುಂಗುತ್ತಿದೆ. ಅದರ ನೆರಳಿನಡಿ ಸ್ಕಲೇಸಿಯದ ಸಸಿ ಏಳುವುದಿಲ್ಲ. ಹಕ್ಕಿಗಳು ಹಣ್ಣು ತಿಂದು ಬೀಜ ಹರಡುತ್ತವೆ. ಕಡಿದರೆ ಮತ್ತೆ ಚಿಗುರುತ್ತದೆ. ಆ ಪೊದೆಯ ವೈಜ್ಞಾನಿಕ ಹೆಸರು ರೂಬಸ್ ನಿವಿಯಸ್. ಲೋಕದ ತೋಟಗಾರಿಕೆಯಲ್ಲಿ ಅದರ ಹೆಸರು 'ಮೈಸೂರು ರಾಸ್ಪ್‌ಬೆರಿ'. ನಮ್ಮ ಘಟ್ಟದ ಎತ್ತರದ ಅಂಚುಗಳಲ್ಲಿ, ಹಿಮಾಲಯದಲ್ಲಿ, ಏಷ್ಯಾದ ಇನ್ನೂ ಅನೇಕ ಬೆಟ್ಟಗಳಲ್ಲಿ ತನ್ನ ಪಾಡಿಗೆ ತಾನಿರುವ ಗಿಡವದು. ಇಲ್ಲಿ ಅದನ್ನು ತಿನ್ನುವ ಹುಳುವಿದೆ, ಕಾಡುವ ರೋಗವಿದೆ, ಪಕ್ಕದಲ್ಲಿ ಒತ್ತಿ ನಿಲ್ಲುವ ನೆರೆಯ ಗಿಡಗಳಿವೆ. ಅಲ್ಲಿ ಇವು ಯಾವುವೂ ಇಲ್ಲ. ಅದನ್ನು ಅಲ್ಲಿಗೆ ಒಯ್ದವನು ಕಡಲ್ಗಳ್ಳನಲ್ಲ; ನಾಲ್ಕು ಹಣ್ಣು ಬೆಳೆದುಕೊಳ್ಳಬೇಕೆಂಬ ಸದಾಸೆಯ ಬೇಸಾಯಗಾರ. ನಮ್ಮ ವೃತ್ತಿಬಾಂಧವರು ಇದನ್ನು ವಿಶೇಷವಾಗಿ ನೆನಪಿಡಬೇಕು. ಹೊಸ ತಳಿ, ಹೊಸ ಮೇವು, ಹೊಸ ಬೇಲಿಗಿಡ ಎಂದು ಒಳ್ಳೆಯ ಉದ್ದೇಶದಿಂದ ತಂದದ್ದೇ ಎಷ್ಟೋ ಕಡೆ ಕಾಡಿಗೆ ಕಂಟಕವಾಗಿದೆ.

ಸಾಲ ಎರಡೂ ಕಡೆಗಿದೆ. ಅಮೆರಿಕ ಖಂಡದಿಂದ ಅಲಂಕಾರದ ಗಿಡವಾಗಿ ಬಂದ ಲಂಟಾನಾ, ನಾವು ಯುಪಟೋರಿಯಂ ಎಂದೂ ಕಮ್ಯುನಿಸ್ಟ್ ಗಿಡವೆಂದೂ ಕರೆಯುವ ಪೊದೆ, ಮರಗಳನ್ನು ಮುಚ್ಚುವ ಮೈಕೇನಿಯ ಬಳ್ಳಿ ಇವೆಲ್ಲ ನಮ್ಮ ಬೇಣ, ಸೊಪ್ಪಿನಬೆಟ್ಟ, ಕಾಡಂಚುಗಳನ್ನು ಏನು ಮಾಡಿವೆಯೆಂದು ಮಲೆನಾಡಿಗರಿಗೆ ಹೇಳಬೇಕಾಗಿಲ್ಲ. ಹುಲ್ಲಿದ್ದ ಜಾಗದಲ್ಲಿ ದನ ಮೂಸದ ಹಸಿರು ನಿಂತಿದೆ. ಘಟ್ಟದ ನೆತ್ತಿಯ ಶೋಲಾ ಕಾಡುಗಳು ಹುಲ್ಲುಗಾವಲಿನ ಸಮುದ್ರದ ನಡುವೆ ನಿಂತ ದ್ವೀಪಗಳೇ ಸರಿ. ಒಂದು ಬೆಟ್ಟದ ಕಪ್ಪೆ ಪಕ್ಕದ ಬೆಟ್ಟದಲ್ಲಿಲ್ಲ. ದ್ವೀಪಕ್ಕಿರುವ ದೌರ್ಬಲ್ಯವೆಲ್ಲ ಅವಕ್ಕೂ ಇದೆ. ದ್ವೀಪಕ್ಕಿರುವ ಬಾಗಿಲು ಮಾತ್ರ ಇಲ್ಲ.

ಗಲಪಗೋಸಿನ ನಿಯಮಗಳ ಬಗೆಗೆ ಹಾಯಿದೋಣಿಯವರ ಆಕ್ಷೇಪಗಳಿವೆ, ಅವುಗಳನ್ನು ಕೇಳದೆ ತೀರ್ಪು ಕೊಡುವುದು ನ್ಯಾಯವಲ್ಲ. ಶುಲ್ಕ ದುಬಾರಿ, ಕಾಗದಪತ್ರ ಅತಿಯಾಯಿತು, ಸರಕುಹಡಗು ಮತ್ತು ವಿಮಾನಗಳು ಹೊತ್ತು ತರುವುದರ ಮುಂದೆ ನಮ್ಮ ಪುಟ್ಟ ದೋಣಿ ಯಾವ ಲೆಕ್ಕ ಎಂಬುದು ಅವರ ವಾದ. ಮೊದಲ ಎರಡರಲ್ಲಿ ಹುರುಳಿರಬಹುದು. ಹಣವುಳ್ಳವನಿಗೆ ಮಾತ್ರ ತೆರೆಯುವ ಬಾಗಿಲು ಒಳ್ಳೆಯ ಬಾಗಿಲಲ್ಲ. 2024ರ ಆಗಸ್ಟಿನಿಂದ ಬಹುಪಾಲು ವಿದೇಶಿ ಪ್ರವಾಸಿಗರಿಗೆ ಪ್ರವೇಶಶುಲ್ಕವೇ 200 ಡಾಲರ್ ಆಗಿದೆ. ಆದರೆ 2023ರಲ್ಲಿ ಮೂರು ಲಕ್ಷಕ್ಕೂ ಹೆಚ್ಚು ಜನ ಬಂದುಹೋದ ದ್ವೀಪಗಳಿವು ಎಂಬುದನ್ನೂ ಮರೆಯುವಂತಿಲ್ಲ. ಮೂರನೆಯ ವಾದವನ್ನಂತೂ ಒಪ್ಪಲಾಗದು. 2012ರಲ್ಲಿ ಸ್ಥಾಪನೆಯಾದ ಅಲ್ಲಿನ ಜೈವಿಕ ಸುರಕ್ಷತಾ ಸಂಸ್ಥೆ ವಿಮಾನವನ್ನೂ ಸರಕುಹಡಗನ್ನೂ ತಪಾಸಣೆ ಮಾಡುತ್ತದೆ. 'ನಾನು ಸಣ್ಣವನು' ಎಂಬುದು ಜೀವಲೋಕದಲ್ಲಿ ವಿನಾಯಿತಿಗೆ ಕಾರಣವಾಗುವುದಿಲ್ಲ. ಮೂರು ಆಡುಗಳೂ ಸಣ್ಣವೇ ಆಗಿದ್ದವು. ಸಂತಾನ ಬೆಳೆಸಬಲ್ಲ ವಸ್ತುವನ್ನು ಗಾತ್ರದಿಂದ ಅಳೆಯಲಾಗದು. ನೀರು, ವಿದ್ಯುತ್ತು, ಕಸ ಇವುಗಳ ವಿಷಯದಲ್ಲಿ ಕಡಿಮೆ ಬಳಸಿದವನು ಕಡಿಮೆ ಹೊಣೆಗಾರ, ನಿಜ. ಬೀಜ, ಮೊಟ್ಟೆ, ರೋಗಾಣುಗಳ ವಿಷಯದಲ್ಲಿ ಒಂದೂ ಅದೇ, ಸಾವಿರವೂ ಅದೇ.

ಆದ್ದರಿಂದ ನನ್ನ ಅಭಿಪ್ರಾಯವಿಷ್ಟು. ಸರಳವಾಗಿ ಬದುಕುವುದು ಪರಿಸರಧರ್ಮದ ಅರ್ಧಭಾಗ ಮಾತ್ರ. ತನಗೆ ಅರಿವಿಲ್ಲದೆ ಅಂಟಿಕೊಂಡು ಬಂದದ್ದಕ್ಕೂ ಹೊಣೆಯಾಗುವುದು ಉಳಿದರ್ಧ. ತಳವನ್ನು ಪರೀಕ್ಷಿಸುವ ಮುಳುಗುಗಾರ ಅತಿಥಿಯನ್ನು ಅವಮಾನಿಸುತ್ತಿಲ್ಲ. ಕಾಲು ತೊಳೆದು ಒಳಗೆ ಬಾ ಎಂದು ನಮ್ಮ ಹಿರಿಯರು ಹೇಳುತ್ತಿದ್ದುದನ್ನೇ ಅವನು ಬೇರೆ ಭಾಷೆಯಲ್ಲಿ ಹೇಳುತ್ತಿದ್ದಾನೆ. ನಮ್ಮ ಬೆಟ್ಟಕ್ಕೆ ಬರುವವರಲ್ಲಿ ಸದುದ್ದೇಶವುಳ್ಳ ಚಾರಣಿಗರು, ಕಾಡನ್ನು ಪ್ರೀತಿಸುವ ನಗರವಾಸಿಗಳು ಅನೇಕರು. ಅವರ ಬೂಟಿನ ಮಣ್ಣು, ವಾಹನದ ಗಾಲಿ ಅವರಷ್ಟೇ ಸದುದ್ದೇಶವುಳ್ಳವೆಂದು ಭಾವಿಸಲಾಗದು. ಪ್ರವಾಸಿಯನ್ನಷ್ಟೇ ದೂರಿಯೂ ಫಲವಿಲ್ಲ. ದೂರದ ನರ್ಸರಿಯ ಚೀಲದ ಮಣ್ಣಿನೊಡನೆ ಬರುವ ಕಳೆ, ಒಂದು ಊರಿನಲ್ಲಿ ಕೆಲಸ ಮುಗಿಸಿ ಕೆಸರು ತೊಳೆಯದೆ ಇನ್ನೊಂದೂರಿನ ಬೆಟ್ಟ ಹತ್ತುವ ಮಣ್ಣೆತ್ತುವ ಯಂತ್ರ, ತೋಟಕ್ಕೆ ಬಂದಿಳಿಯುವ ಗೊಬ್ಬರದ ಲಾರಿ ಇವು ನಾವೇ ಕರೆತರುವ ಅತಿಥಿಗಳು.

ಬಾಗಿಲನ್ನು ಸರ್ಕಾರವೇ ಕಟ್ಟಲೆಂದು ಕಾಯಬೇಕಾಗಿಲ್ಲ. 2002ರ ಜೀವವೈವಿಧ್ಯ ಕಾಯಿದೆಯ ಪ್ರಕಾರ ಪ್ರತಿಯೊಂದು ಪಂಚಾಯಿತಿಯ ಮಟ್ಟದಲ್ಲೂ ಜನರೇ ಸಿದ್ಧಪಡಿಸುವ ಜೀವವೈವಿಧ್ಯ ದಾಖಲೆಗೆ ಅವಕಾಶವಿದೆ. ಅದರಲ್ಲಿ ಊರಿನಲ್ಲಿರುವ ಗಿಡಮರಗಳ ಪಟ್ಟಿಯಿರುತ್ತದೆ. ಊರಿಗೆ ಹೊಸದಾಗಿ ಬಂದವುಗಳಿಗೂ ಒಂದು ಪುಟ ಮೀಸಲಾಗಲಿ. ಯಾವ ಗಿಡ, ಯಾವ ಹುಳು, ಮೊದಲು ಕಂಡದ್ದು ಯಾವ ವರ್ಷ, ಯಾರ ಗದ್ದೆಯಂಚಿನಲ್ಲಿ, ಯಾವುದರ ಜೊತೆ ಬಂದಿರಬಹುದು ಎಂಬಷ್ಟನ್ನು ನಮ್ಮ ಹೈಸ್ಕೂಲು, ಕಾಲೇಜುಗಳ ವಿದ್ಯಾರ್ಥಿಗಳು ಬರೆದಿಡಬಲ್ಲರು. ಮೂರು ಆಡುಗಳಿದ್ದಾಗ ಕಂಡರೆ ಒಂದು ಹಗ್ಗ ಸಾಕು. ಲಕ್ಷವಾದ ಮೇಲೆ ಕಂಡರೆ ಪಟ್ಟಿಯಲ್ಲಿ ಬರೆಯುವುದಕ್ಕೆ ಬೇರೇನೂ ಉಳಿದಿರುವುದಿಲ್ಲ. ಈ ಮಳೆಗಾಲ ಮುಗಿಯುವುದರೊಳಗೆ ಒಂದೆರಡು ಊರುಗಳಲ್ಲಾದರೂ ಆ ಪುಟ ತೆರೆಯಲಿ.